ಗುದ್ರುನ್ ಅಜ್ಜಿಯ ಕೆರೆ ಬತ್ತಿಲ್ಲ

ರೀ,

ಒಲೆಯ ಮೇಲೆ ಆಲೂಗೆಡ್ಡೆ ಸೂಪ್ ಇದೆ, ಬಿಸಿ ಮಾಡಿಕೊಳ್ಳಿ. ಕತ್ತಲಾಗುವ ಮೊದಲು ಕೋಳಿಗಳನ್ನು ಕೂಡಿಹಾಕಿ.

ನಾಳೆಯಿಂದ ಬಾತುಬೇಟೆ ಶುರುವಲ್ಲವೇ? ಒಳ್ಳೆಯ ಜಾಗ ಹುಡುಕಲು ಬೆಳಿಗ್ಗೆ ದುರ್ಬೀನು ಹಿಡಿದು ಹೊರಟೆ. ಗುದ್ರುನ್ ಅಜ್ಜಿಯ ಗೋಧಿ ಹೊಲದ ಹಿಂದಿನ ಕೆರೆ ಬತ್ತಿದೆ ಅಂದವರು ನೀವೇ ತಾನೆ? ಆದರೆ ಟ್ರಕ್ಕಿನಿಂದ ಇಳಿದದ್ದೇ ತಡ, ನಮ್ಮ ನಾಯಿ ದಿನಾ ಹೋಗುವ ದಾರಿಯ ಹಾಗೆ ಅತ್ತಲೇ ಓಡಿತು. ಆಗಲೇ ಅನುಮಾನ ಬಂತು. ಹೋಗಿ ನೋಡಿದರೆ ನೀರೇ ಕಾಣದಷ್ಟು ಬಾತುಗಳು!

ಅಲ್ಲಿ ಬೇಟೆಯಾಡಲು ಅಪ್ಪಣೆ ಕೇಳೋಣವೆಂದು, ಬರಿಗೈಯಲ್ಲಿ ಹೋಗಬಾರದಲ್ಲ, ಮನೆಗೆ ಬಂದು ಆಪಲ್ ಪೈ ಮಾಡಿ ಅಜ್ಜಿಗೆ ಒಯ್ದೆ.

"ಅಯ್ಯೋ, ಮತ್ತೊಂದಾ? ಹೋದ ವಾರ ನಿನ್ನ ಗಂಡ ತಂದಿದ್ದರ ರುಚಿಯೇ ಇನ್ನೂ ಬಾಯಲ್ಲಿದೆ ಕಣಮ್ಮಾ. ತಗೋ, ನಿನ್ನ ತಟ್ಟೆ," ಅಂದರು ಅಜ್ಜಿ.

ಅಮ್ಮ ಕೊಟ್ಟ ನೀಲಿ ತಟ್ಟೆ. ಚರ್ಚಿನ ಊಟಕ್ಕೆ ಒಯ್ಯುವಾಗ ಪೈ ಸಮೇತ ಕೈಜಾರಿ ಬಿದ್ದು ಚೂರಾಯಿತು ಎಂದು ಮುಖ ಸಣ್ಣ ಮಾಡಿಕೊಂಡು ಹೇಳಿದ್ದಿರಲ್ಲ, ಅದೇ.

ಎಲ್ಲ ಕೇಳಿ ಅಜ್ಜಿ ನಕ್ಕು, ಈ ಸಲ ಕೆರೆಯನ್ನು ನನಗೊಬ್ಬಳಿಗೇ ಬಿಟ್ಟುಕೊಟ್ಟರು. ಬಾತುಗಳ ಕಣ್ಣಿಗೆ ಬೀಳದಂತೆ ಕೂರಲು ಮರೆಗೂಡು ಕಟ್ಟಲು ಹೋಗುತ್ತಿದ್ದೇನೆ, ನಾಯಿಯೂ ನನ್ನ ಜೊತೆಗೇ.

ನಿಮಗೂ ಬರಬೇಕೆನಿಸಿದರೆ ಪೈ ಮಾಡಿ ತಂದು ನನ್ನ ಅಪ್ಪಣೆ ಕೇಳಿ. ತಟ್ಟೆ ಮೇಜಿನ ಮೇಲಿದೆ. ಒಡೆದಿಲ್ಲ.

ಮಾರಿಟ್