ಒಂದೇ ಹೊತ್ತಿಗೆ ಇಬ್ಬರು

ಶುಕ್ರವಾರ, ಊಟದ ಬಿಡುವು
ಆಸ್ಪತ್ರೆಯ ಕ್ಯಾಂಟೀನಿನಿಂದ

ನನ್ನ ಗುಬ್ಬೀ,

ಅಮ್ಮನ ಕಾಗದ ಬಂತೆಂದು ಗಾಬರಿಯಾಗಬೇಡ, ನಾನು ಗುಂಡುಕಲ್ಲಿನ ಹಾಗಿದ್ದೇನೆ. ಫೋನಿನಲ್ಲಿ ಹೇಳಲು ಹೊರಟರೆ ನೀನು ಮಧ್ಯೆ ಬಾಯಿ ಹಾಕುತ್ತೀ, ನಾನು ಹೇಳಬೇಕಾದ್ದನ್ನು ಬಿಟ್ಟು ನಿನ್ನ ಕೆಮ್ಮು ವಿಚಾರಿಸಲು ಶುರು ಮಾಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಕೆಮ್ಮು ಹೇಗಿದೆ?

ವಿಷಯ ಅದೇ, ಡೇಟಾ ಸೈನ್ಸ್ ಎಂ.ಎಸ್ಸಿ. ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಎರಡು ವರ್ಷ ಓದುವುದು. ಸೀಟು ಸಿಕ್ಕಿದೆ ಕಣೇ. ಸೇರುತ್ತೇನೋ ಇಲ್ಲವೋ ಎಂದು ಸೋಮವಾರದೊಳಗೆ ತಿಳಿಸಬೇಕು. ಸುದ್ದಿ ಬಂದಾಗಿನಿಂದ ಬೀಗ ಹಾಕಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ವಾಪಸು ಬಂದು ನೋಡುತ್ತೇನೆ. ನಿನ್ನೆ ಬೀಗ ಹಾಕಿತ್ತು, ಬೀಗದಕೈ ಅದರಲ್ಲೇ ನೇತಾಡುತ್ತಿತ್ತು.

ನಾನು ಮೊದಲ ಸಲ ಇದನ್ನು ಕೇಳಿದಾಗ ನೀನು ಏನಂದೆ, ನೆನಪಿದೆಯಾ? ಅಮ್ಮಾ, ಕೆಲಸಕ್ಕೆ ಜನ ಆರಿಸೋದೇ ನನ್ನ ಕಸುಬು, ಐವತ್ತು ದಾಟಿದೋರು ಆನ್‌ಲೈನ್ ಡಿಗ್ರಿ ಹಿಡ್ಕೊಂಡು ಬಂದ್ರೆ ಅಂಥ ಅರ್ಜೀನ ನಾವು ಪಕ್ಕಕ್ಕಿಡ್ತೀವಿ ಅಂದೆ. ನನ್ನ ಒಳ್ಳೆಯದಕ್ಕೇ ಅಂದೆ, ಗೊತ್ತು. ಆದರೂ ಆ ‘ಪಕ್ಕಕ್ಕಿಡ್ತೀವಿ’ ಚಪ್ಪಲಿಯೊಳಗೆ ಸೇರಿದ ಕಲ್ಲಿನ ಹಾಗೆ ಒತ್ತುತ್ತಲೇ ಇದೆ. ನನಗೆ ಬೇಜಾರಾಯಿತು. ಆವತ್ತು ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ.

ನಮ್ಮ ಕೌಂಟರಿನ ಪದ್ಧತಿ ನಿನಗೆ ಗೊತ್ತಲ್ಲ. ಡಾಕ್ಟರನ್ನು ನೋಡಲು ಯಾರಿಗೆ ಯಾವ ಹೊತ್ತು ಎಂದು ಬರೆಯುವವರು ನಾವು. ಈತ ಬರುವುದು ಅನುಮಾನ ಎನಿಸಿದರೆ ಅದೇ ಹೊತ್ತಿಗೆ ಇನ್ನೊಬ್ಬರ ಹೆಸರನ್ನೂ ಬರೆದುಬಿಡುತ್ತೇವೆ, ಡಾಕ್ಟರು ಖಾಲಿ ಕೂರಬಾರದಲ್ಲ. ಇಬ್ಬರೂ ಬಂದುಬಿಟ್ಟರೆ ನಮ್ಮ ಗ್ರಹಚಾರ. ಒಬ್ಬರನ್ನು ಗೋಡೆ ಪಕ್ಕದ ಕುರ್ಚಿಯಲ್ಲಿ ಕೂರಿಸಿ ಹಲ್ಲು ಕಿರಿಯುತ್ತಾ ಬೈಸಿಕೊಳ್ಳಬೇಕು. ಇಷ್ಟು ದಿನ ಅದೆಲ್ಲ ಬರೀ ಅಂದಾಜು. ಎಷ್ಟೋ ಸಲ ಎಡವಟ್ಟು ಮಾಡಿದ್ದೇವೆ. ಈಗ ಕಂಪ್ಯೂಟರೇ ಹಳೆಯದನ್ನೆಲ್ಲ ಜಾಲಾಡಿ ಹೆಸರಿನ ಮುಂದೆ ‘ಬರುವುದಿಲ್ಲ’ ಎಂದು ಹಾಕುತ್ತದೆ. ಸುಳ್ಳು ಯಾಕೆ ಹೇಳಲಿ, ನಮಗಿಂತ ಚೆನ್ನಾಗಿಯೇ ಹೇಳುತ್ತದೆ.

ಆದರೆ ಕೆಲವು ತಿಂಗಳ ಹಿಂದೆ ಅದು ‘ಬರುವುದಿಲ್ಲ’ ಎಂದಿದ್ದ ಒಬ್ಬ ಹೆಂಗಸು ಊರುಗೋಲು ಊರಿಕೊಂಡು ಬಂದೇಬಿಟ್ಟರು. ಅವರ ಹೊತ್ತಿನಲ್ಲಿ ಒಳಗೆ ಬೇರೆಯವರು ಕೂತಿದ್ದರು. ನಾನು ಬರಲ್ಲ ಅಂತ ನಿಮಗೆ ಯಾರು ಹೇಳಿದ್ರಮ್ಮ ಅಂದರು. ಜಗಳವಾಡಲಿಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದರು. ಕಂಪ್ಯೂಟರು ಹೇಗೆ ಹಾಗಂದಿತು ಎಂದು ತಿಳಿಯುವ ಹಂಬಲ ನನಗೆ ಹತ್ತಿದ್ದೇ ಅವತ್ತು.

ಅದಾದ ಮೇಲೆ ಮೇಲ್ವಿಚಾರಕಿ ಕರೆದು, ಇನ್ನು ಕೌಂಟರಿಗೆ ಇಷ್ಟೊಂದು ಜನ ಬೇಡ, ಆ ವ್ಯವಸ್ಥೆ ನೋಡ್ಕೊಳ್ಳೋಕೆ ಓದಿದೋರು ಒಬ್ಬರು ಸಾಕು, ಮಿಕ್ಕೋರು ಕೆಳಗಿನ ಕಡತದ ಕೋಣೆಗೆ ಅಂದರು. ಆ ಕೋಣೆಗೆ ಕಿಟಕಿಯಿಲ್ಲ ಗುಬ್ಬಿ. ಜನರ ಮುಖ ನೋಡದೆ ನಾನು ಬದುಕುತ್ತೇನಾ? ಓದಿದ್ರೆ ನನಗೇ ಕೊಡ್ತೀರಾ ಎಂದು ಕೇಳಿದೆ. ನೋಡೋಣ ಅಂದರು. ಆ ಒಂದು ‘ನೋಡೋಣ’ ನೆಚ್ಚಿಕೊಂಡು ಎರಡು ವರ್ಷ ಕಣ್ಣು ಕೆಡಿಸಿಕೊಳ್ಳಬೇಕು.

ಸಿಕ್ಕಸಿಕ್ಕವರನ್ನೆಲ್ಲ ಕೇಳಿದ್ದೇನೆ. ಔಷಧಿ ಅಂಗಡಿಯವನ ತಮ್ಮ ಇಂಥದ್ದೇ ಡಿಗ್ರಿ ಮಾಡಿ ಈಗಲೂ ಅಣ್ಣನ ಅಂಗಡಿಯಲ್ಲೇ ಪೊಟ್ಟಣ ಕಟ್ಟುತ್ತಿದ್ದಾನಂತೆ. ಅದನ್ನೇ ಓದಿದ ಲ್ಯಾಬಿನವಳು ಮಾತ್ರ, ಸಂಬಳಾನೂ ಏರ್ತು, ಕೂದಲೂ ಉದುರ್ತು, ಒಟ್ನಲ್ಲಿ ಲಾಭಾನೇ ಅಂದಳು. ನಿಮ್ಮಪ್ಪ ಇದ್ದಿದ್ದರೆ ಮೊದಲು ಹೊಟ್ಟೆ ಹುಣ್ಣಾಗುವಷ್ಟು ನಕ್ಕು, ಆಮೇಲೆ ನನ್ನ ಹೋಂವರ್ಕನ್ನೆಲ್ಲ ತಾವೇ ತಪ್ಪುತಪ್ಪಾಗಿ ಮಾಡಿಕೊಡುತ್ತಿದ್ದರು.

ಸೀಟು ಕೊಡುವ ಮುಂಚೆ ಒಂದು ಅಭ್ಯಾಸ ಕೊಟ್ಟಿದ್ದರು. ನಿಮ್ಮ ಬದುಕಿನದೇ ಏನಾದರೂ ಮಾಹಿತಿ ಹಿಡಿದು, ಮುಂದೇನಾಗುತ್ತದೆ ಎಂದು ಕಂಪ್ಯೂಟರಿನಿಂದ ಹೇಳಿಸಬೇಕು. ಬೇರೆಯವರು ಬಸ್ಸು ತಡವಾಗುವುದನ್ನೋ ಕರೆಂಟಿನ ಖರ್ಚನ್ನೋ ತೆಗೆದುಕೊಂಡರು. ನಾನೂ ಏನೋ ಒಂದು ಮಾಡಿದೆ. ಪ್ರತಿ ವಾರದ ಬಗ್ಗೆ ಕೇಳಿದಾಗಲೂ ಅದು ‘ಇಲ್ಲ’ ಎಂದೇ ಹೇಳಿತು, ಹೆಚ್ಚುಕಮ್ಮಿ ಸರಿಯಾಗಿಯೇ ಇತ್ತು. ನಾನು ಹಿಗ್ಗಿ ಹೀರೆಕಾಯಿಯಾದೆ. ಮೇಷ್ಟ್ರು ನಿನಗಿಂತ ಚಿಕ್ಕವನು. ಸದಾ ಇಲ್ಲ ಅನ್ನೋದು ಯಾರಿಗಾದ್ರೂ ಬರುತ್ತೆ ಮೇಡಂ, ಯಾವತ್ತು ಹೌದು ಅನ್ನೋದನ್ನ ಹಿಡೀಬೇಕು, ಕಲಿಯೋದು ಅದಕ್ಕೇ ಎಂದು ಬರೆದಿದ್ದ. ಅದನ್ನು ಓದಿ ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಪಕ್ಕದ ಮನೆಯವಳಿಗೆ ಈರುಳ್ಳಿ ಎಂದೆ.

ಇನ್ನೊಂದು ತೊಡಕಿದೆ. ಮಿಕ್ಕ ಪಾಠಗಳನ್ನು ಯಾವಾಗ ಬೇಕಾದರೂ ನೋಡಬಹುದು, ಆದರೆ ಮೇಷ್ಟ್ರ ಎದುರು ಕೂರುವ ಪಾಠ ಭಾನುವಾರ ಸಂಜೆಯೇ. ಆ ಹೊತ್ತಿನಲ್ಲಿ ಫೋನ್ ಆಫ್ ಮಾಡಿರಬೇಕಂತೆ. ಭಾನುವಾರ ಸಂಜೆ ಎಂದರೆ ನೀನು ಫೋನ್ ಮಾಡುವ ಹೊತ್ತು. ನಿನಗೆ ಬೇರೆ ದಿನ ಪುರುಸೊತ್ತಿರುವುದಿಲ್ಲ. ಹೆದರಿಕೆ ಆಗುತ್ತಿದೆ ಗುಬ್ಬಿ. ಲೆಕ್ಕ ತಲೆಗೆ ಹತ್ತದಿದ್ದರೆ ಎನ್ನುವುದೂ ಇದೆ, ಆದರೆ ಅದು ಸಣ್ಣ ಹೆದರಿಕೆ. ನೀನೇ ಹೇಳು, ಸೇರಲಾ, ಬೇಡವಾ? ಬೇಡ ಅಂದರೆ ಸುಮ್ಮನಾಗುತ್ತೇನೆ.

ಶುಂಠಿ ಕುದಿಸಿ ಕುಡಿ. ಕಿವಿಗೆ ಏನಾದರೂ ಕಟ್ಟಿಕೊಂಡು ಹೊರಗೆ ಹೋಗು.

ನಿನ್ನ ಪುಕ್ಕಲು
ಅಮ್ಮ

ಮತ್ತೆ ಇನ್ನೊಂದು: ಈ ಕಾಗದ ನಿನ್ನ ಕೈ ಸೇರುವಷ್ಟರಲ್ಲಿ ಸೋಮವಾರ ಕಳೆದುಹೋಗಿರುತ್ತದೆ. ಗೊತ್ತಿದ್ದೇ ಕಾಗದ ಬರೆದೆ. ಇವತ್ತು ಬೆಳಿಗ್ಗೆಯೇ, ನೀನು ಬೇಡ ಅನ್ನುವ ಮೊದಲೇ, ‘ಸೇರುತ್ತೇನೆ’ ಎಂದು ಒತ್ತಿಬಿಟ್ಟೆ. ನಾನು ಅಭ್ಯಾಸಕ್ಕೆ ತೆಗೆದುಕೊಂಡದ್ದು ನಿನ್ನ ಭಾನುವಾರದ ಫೋನುಗಳನ್ನು. ಈ ವಾರ ಮಾಡುತ್ತಾಳಾ ಎಂದು ಕೇಳಿದರೆ ಅದು ಪ್ರತಿ ಸಲ ‘ಇಲ್ಲ’ ಎನ್ನುತ್ತಿತ್ತು. ಬೈಯುತ್ತಿಲ್ಲ ಕಣೇ, ಇದ್ದದ್ದು ಹೇಳಿದೆ. ಆ ಹೊತ್ತಿಗೆ ಈಗ ಪಾಠವನ್ನೂ ಬರೆದುಕೊಂಡಿದ್ದೇನೆ, ಆದರೆ ನಿನ್ನ ಹೆಸರು ತೆಗೆದಿಲ್ಲ. ಫೋನನ್ನೂ ಆಫ್ ಮಾಡುವುದಿಲ್ಲ. ಇಬ್ಬರೂ ಒಂದೇ ಹೊತ್ತಿಗೆ ಬಂದರೆ ಕುರ್ಚಿಯಲ್ಲಿ ಕಾಯುವುದು ಮೇಷ್ಟ್ರು.