ಮೂರನೇ ಸೇತುವೆಯ ಸೈಕಲ್

ಸೆಪ್ಟೆಂಬರ್ 9, ಸೋಮವಾರ. ಬೆಳಿಗ್ಗೆ 10.20

ಇವತ್ತೂ ತಡ. ಮೂರು ಸೇತುವೆ, ಮೂರು ಬಾಟಲಿ. ಪ್ರತಿಯೊಂದನ್ನೂ ಕಾಲುವೆಯ ನೀರಿನಲ್ಲೇ ಮೂರು ಸಲ ಕುಲುಕಿ ಚೆಲ್ಲಿ, ನಾಲ್ಕನೇ ಸಲ ತುಂಬಿಸಿ, ಮುಚ್ಚಳದ ಮೇಲೆ ಹೊತ್ತು ಬರೆದು, ಐಸ್ ಡಬ್ಬಿಗೆ ಇಳಿಸುವುದು. ಕೈಗೆ ಅಭ್ಯಾಸವಾಗಿದೆ. ಕಷ್ಟವೆಲ್ಲ ಕಾಲಿಗೆ. ಬಸ್ಸು ಒಂದನೇ ಸೇತುವೆಯವರೆಗೆ ಮಾತ್ರ. ಉಳಿದ ಎರಡಕ್ಕೂ ನಡಿಗೆ.

ನನ್ನ ಪಿಎಚ್‌ಡಿ ಗೈಡ್ ಗೋಡೆ ಗಡಿಯಾರ ನೋಡಿದರು. ನನ್ನನ್ನು ನೋಡಲಿಲ್ಲ.

"ನೀರು ಒಂಬತ್ತರೊಳಗೆ ಲ್ಯಾಬಿಗೆ ಬರಬೇಕು. ಒಂದು ಸೈಕಲ್ ತಗೊಳ್ಳಿ. ಇಲ್ಲಿ ಎಲ್ಲರೂ ಅದನ್ನೇ ಮಾಡೋದು."

ಸರಿ ಎಂದೆ. ಈಚೆಗೆ ಎಲ್ಲದಕ್ಕೂ ಸರಿ ಎನ್ನುತ್ತೇನೆ. ಈ ದೇಶಕ್ಕೆ ಓದಲು ಬಂದದ್ದೂ ಹಾಗೆಯೇ. ಸ್ಕಾಲರ್‌ಶಿಪ್ ಪತ್ರ ಬಂದದ್ದು ಏಪ್ರಿಲ್‌ನಲ್ಲಿ. ಇವರು ಹೋದದ್ದು ಜನವರಿಯಲ್ಲಿ. ಇವರು ಅಂದರೆ ನನ್ನ ಗಂಡ. ಇಲ್ಲಿ ಯಾರಿಗೂ ಹೇಳಿಲ್ಲ, ಈ ಪುಸ್ತಕದಲ್ಲಾದರೂ ಇರಲಿ. ಅತ್ತೆ ಪತ್ರವನ್ನು ಎರಡು ಸಲ ಓದಿ, ಮಡಿಸಿ, "ಹೋಗು" ಅಂದರು. ಸರಿ ಎಂದೆ.

ಸೆಪ್ಟೆಂಬರ್ 12, ಗುರುವಾರ

ಸೈಕಲ್ ಬಂತು. ಸೆಕೆಂಡ್ ಹ್ಯಾಂಡ್. ಹಸಿರು. ಮುಂದೆ ಬುಟ್ಟಿ, ಐಸ್ ಡಬ್ಬಿ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂರುತ್ತದೆ.

ಅಂಗಡಿಯ ತುಂಬ ಸೈಕಲ್‌ಗಳು ಚಾವಣಿಯಿಂದ ಬಾವಲಿಗಳ ಹಾಗೆ ತಲೆಕೆಳಗಾಗಿ ತೂಗುತ್ತಿದ್ದವು. ಅಂಗಡಿಯಾಕೆಗೆ ಮೊಣಕೈವರೆಗೆ ಗ್ರೀಸು. ನನ್ನನ್ನು ಹತ್ತಿಸಿ, ಕಾಲು ನೆಲಕ್ಕೆ ತಾಗುತ್ತದೆಯೇ ನೋಡಿ, ಸೀಟು ಅರ್ಧ ಇಂಚು ಇಳಿಸಿದಳು.

"ಓಡಿಸಿ ಎಷ್ಟು ವರ್ಷ ಆಯ್ತು?"

"ಹದಿನಾರು."

"ಪರವಾಗಿಲ್ಲ. ತಲೆ ಮರೆತರೂ ಕಾಲು ಮರೆಯಲ್ಲ."

ಆಮೇಲೆ ಬೀಗ. ಲಾಳದ ಆಕಾರ, ಹೆಬ್ಬೆರಳು ದಪ್ಪದ ಕಬ್ಬಿಣ. ಹೇಗೆ ಹಾಕಬೇಕೆಂದು ಎರಡು ಸಲ ತೋರಿಸಿದಳು. "ಬರೀ ಚಕ್ರಕ್ಕೆ ಹಾಕ್ಬೇಡಿ. ಚಕ್ರ ಎರಡು ನಿಮಿಷದಲ್ಲಿ ಬಿಚ್ಚಿಕೊಳ್ಳುತ್ತೆ. ಬೀಗ ಈ ಫ್ರೇಮಿನೊಳಗಿಂದ ಹೋಗಿ ಕಂಬಿ ಹಿಡೀಬೇಕು. ಇಲ್ಲಿನ ಕಳ್ಳರು ಸೋಮಾರಿಗಳು, ಸುಲಭವಾದದ್ದನ್ನೇ ಹುಡುಕ್ತಾರೆ."

ತಲೆಯಾಡಿಸಿದೆ. ಕಿವಿಗೆ ಬಿತ್ತು. ಅಲ್ಲಿಂದ ಒಳಗೆ ಇಳಿಯಲಿಲ್ಲ.

ಅಲ್ಲಿಂದ ಕ್ಯಾಂಪಸ್ ಸೆಕ್ಯೂರಿಟಿ ಆಫೀಸು. ಸೈಕಲ್ ನೋಂದಾಯಿಸಬೇಕಂತೆ. ಗಾರ್ಡ್ ನೆಲಕ್ಕೆ ಕೂತು ಪೆಡಲಿನ ಕೆಳಗೆ ಕೊರೆದ ನಂಬರ್ ಬರೆದುಕೊಂಡ, ಸ್ಟಿಕ್ಕರ್ ಅಂಟಿಸಿದ, ಫಾರಂ ಕೊಟ್ಟ. ಹೆಸರು, ವಿಭಾಗ, ಫೋನ್. ತುರ್ತಿನಲ್ಲಿ ಯಾರಿಗೆ ತಿಳಿಸಬೇಕು... ಕೈ ತಾನಾಗಿ ಬರೆಯಿತು. +91, ಆಮೇಲೆ ಹತ್ತು ಅಂಕಿ, ಇವರ ನಂಬರ್. ಸಂಬಂಧ: ಗಂಡ.

ಬರೆದಾದ ಮೇಲೆ ನೋಡಿದೆ. ಹೊಡೆದುಹಾಕಬೇಕಿತ್ತು. ಗಾರ್ಡ್ ಕೈ ಚಾಚಿಕೊಂಡು ನಿಂತಿದ್ದ. ಕೊಟ್ಟುಬಿಟ್ಟೆ.

ಸೆಪ್ಟೆಂಬರ್ 15, ಭಾನುವಾರ

ಅತ್ತೆಯ ಫೋನ್ ದಿನ. ಈಗ ಅವರು ನಾದಿನಿಯ ಮನೆಯಲ್ಲಿದ್ದಾರೆ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಇಂದಿಗೂ 'ಹಲೋ' ಎಂದರೆ ಪಕ್ಕದ ಮನೆಯವರೂ ಎದ್ದು ಕೂರಬೇಕು.

"ಏನಮ್ಮ ನೀರಿನ ಡಾಕ್ಟ್ರೇ, ಸೈಕಲ್ ಬಂತಾ?"

"ಬಂತು ಅತ್ತೆ."

"ಬಿದ್ಯಾ?"

"ಇನ್ನೂ ಇಲ್ಲ."

"ಬೀಳ್ತೀಯ ಬಿಡು. ಬೀಳದೆ ಯಾರು ಕಲಿತಿದ್ದಾರೆ? ಬೀಗ ಗಟ್ಟಿ ಇದೆಯಾ?"

"ಇದೆ."

"ಊಟ?"

"ಆಯ್ತು."

ಆಗಿರಲಿಲ್ಲ. ಹನ್ನೊಂದು ನಿಮಿಷ ಮಾತಾಡಿದೆವು. ನಾದಿನಿಯ ಮಂಡಿನೋವು, ಕೆಟ್ಟ ಮಿಕ್ಸಿ, ನನ್ನ ಗೈಡಿನ ಗಡಿಯಾರ. ಇವರ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬಿಸಿ ಪಾತ್ರೆಯ ಸುತ್ತ ಓಡಾಡುವವರ ಹಾಗೆ ಜಾಗರೂಕತೆಯಿಂದ ಮಾತಾಡುತ್ತೇವೆ.

ಸೆಪ್ಟೆಂಬರ್ 26

ಬಿದ್ದೆ. ಒಂದನೇ ಸೇತುವೆಯ ತಿರುವಿನಲ್ಲಿ, ಒದ್ದೆ ಎಲೆಗಳ ಮೇಲೆ. ಮೊಣಕಾಲು ತರಚಿತು. ನೋವಾಗಲಿಲ್ಲ ಎಂದಲ್ಲ. ಆಯಿತು, ಪಕ್ಕದ ಮನೆಯಲ್ಲಿ ಯಾರಿಗೋ ಆದ ಹಾಗೆ.

ಬಾಟಲಿ ಒಡೆಯಲಿಲ್ಲ. 8.40ಕ್ಕೆ ಲ್ಯಾಬು. ಗೈಡ್ "ಗುಡ್" ಅಂದರು.

ಅಕ್ಟೋಬರ್ 7, ಸೋಮವಾರ. ಸಂಜೆ

ಲೈಬ್ರರಿಯಿಂದ ಹೊರಗೆ ಬಂದರೆ ಕಂಬಿಗೆ ಒಂದು ಚಕ್ರ ಮಾತ್ರ ಇತ್ತು. ಮುಂದಿನದು. ಅದಕ್ಕೆ ನನ್ನ ಬೀಗ, ಭದ್ರವಾಗಿ. ಉಳಿದ ಸೈಕಲ್ ಇಲ್ಲ.

ಬರೀ ಚಕ್ರಕ್ಕೇ ಹಾಕಿದ್ದೆ. ಹಾಕುವಾಗ ಏನು ಯೋಚಿಸುತ್ತಿದ್ದೆ? ಏನೂ ಇಲ್ಲ. ಅದೇ ತೊಂದರೆ.

ತುಂಬ ಹೊತ್ತು ನಿಂತಿದ್ದೆ. ಅಯ್ಯೋ ಅನ್ನಿಸಲಿ ಎಂದು ಕಾದೆ. ಅನ್ನಿಸಲಿಲ್ಲ. ಬೀಗ ತೆಗೆದೆ, ಚಕ್ರವನ್ನು ಹೆಗಲಿಗೆ ಹಾಕಿಕೊಂಡೆ, ಸೆಕ್ಯೂರಿಟಿ ಆಫೀಸಿಗೆ ನಡೆದೆ. ಅದೇ ಗಾರ್ಡ್. ಚಕ್ರ ನೋಡಿದ, ನನ್ನನ್ನು ನೋಡಿದ, ನಗು ತಡೆದುಕೊಂಡ.

"ಇದು ಈ ತಿಂಗಳು ನಾಲ್ಕನೇದು. ಸಿಕ್ಕಿದರೆ ಫೋನ್ ಮಾಡ್ತೀವಿ."

"ಸರಿ."

"ಬೇಜಾರು ಮಾಡ್ಕೊಬೇಡಿ."

"ಇಲ್ಲ," ಅಂದೆ. ನಿಜವನ್ನೇ ಹೇಳಿದೆ, ಅವನು ನಂಬಲಿಲ್ಲ.

ಅಕ್ಟೋಬರ್ 8

ಐದಕ್ಕೆ ಎದ್ದು ನಡೆದೆ. ಮೂರು ಬಾಟಲಿ. 8.55. ಚಕ್ರ ಮಂಚದ ಕೆಳಗಿದೆ.

ಅತ್ತೆಗೆ ಹೇಳುವುದು ಬೇಡ.

ಅಕ್ಟೋಬರ್ 29, ಮಂಗಳವಾರ

ಮೂರು ವಾರ ಏನೂ ಬರೆದಿಲ್ಲ. ನಡೆದೆ, ತುಂಬಿಸಿದೆ, ಮಲಗಿದೆ. ಇವತ್ತು ಬರೆಯಬೇಕು. ಆದ ಹಾಗೆಯೇ ಬರೆಯುತ್ತೇನೆ.

ಲ್ಯಾಬಿನೊಳಗೆ ಫೋನ್ ತರುವಂತಿಲ್ಲ. ಲಾಕರಿನಲ್ಲಿಟ್ಟು ಹೋಗಬೇಕು. ಒಂದು ಗಂಟೆಗೆ ಒಳಗೆ ಹೋದವಳು ಹೊರಬಂದದ್ದು 3.40ಕ್ಕೆ. ಲಾಕರ್ ತೆಗೆದೆ. ಇಪ್ಪತ್ತಾರು ಮಿಸ್ಡ್ ಕಾಲ್. ಎರಡು ಸೆಕ್ಯೂರಿಟಿ ಆಫೀಸಿನದು. ಉಳಿದ ಇಪ್ಪತ್ನಾಲ್ಕೂ ಇವರ ಹೆಸರಿನಲ್ಲಿ.

ಇವರ ಹೆಸರು. ಪರದೆಯ ಮೇಲೆ. ಕೆಳಗಿನವರೆಗೂ.

ಅಲ್ಲೇ ನೆಲದ ಮೇಲೆ ಕೂತೆ. ನೋಡುತ್ತಿದ್ದ ಹಾಗೇ ಮತ್ತೆ ರಿಂಗಾಯಿತು. ಎತ್ತಿದೆ. ಹಲೋ ಅನ್ನಲಾಗಲಿಲ್ಲ.

"ಯಾರು? ಯಾರ್ರೀ ಮಾತಾಡೋದು?" ಅತ್ತೆಯ ದನಿ. ಅಷ್ಟು ಸಣ್ಣಗೆ ಅವರು ಮಾತಾಡಿದ್ದನ್ನು ನಾನು ಕೇಳಿಯೇ ಇಲ್ಲ.

"ಅತ್ತೆ, ನಾನು."

ಆ ಕಡೆ ಏನೋ ಬಿದ್ದ ಸದ್ದು. ನಾದಿನಿ "ಅಮ್ಮಾ" ಎಂದು ಕೂಗಿದ್ದು ಕೇಳಿಸಿತು. ಆಮೇಲೆ ಅತ್ತೆ ಅತ್ತರು. ಜನವರಿಯಲ್ಲೂ ಹಾಗೆ ಅತ್ತಿರಲಿಲ್ಲ, ಅಥವಾ ನನ್ನೆದುರು ಅತ್ತಿರಲಿಲ್ಲ.

ನಡೆದದ್ದು ಇಷ್ಟು. ಕಾಲುವೆಯ ಕಸ ತೆಗೆಯುವವರು ಮೂರನೇ ಸೇತುವೆಯ ಕೆಳಗಿಂದ ಒಂದು ಹಸಿರು ಸೈಕಲ್ ಎಳೆದು ಹಾಕಿದ್ದಾರೆ. ಸ್ಟಿಕ್ಕರ್ ಇತ್ತು. ಗಾರ್ಡ್ ನನಗೆ ಎರಡು ಸಲ ಫೋನ್ ಮಾಡಿದ್ದಾನೆ, ನಾನು ಎತ್ತಲಿಲ್ಲ. ಫಾರಂ ನೋಡಿ ತುರ್ತು ನಂಬರಿಗೆ ಮಾಡಿದ್ದಾನೆ. ಅತ್ತೆ ಎತ್ತಿದ್ದಾರೆ.

"ನಿನ್ನ ಹೆಸರು ಹೇಳಿದ ಹಾಗಾಯ್ತು ಅವನು. ಸೈಕಲ್ ಅಂದ. ನೀರು ಅಂದ. ಸಿಕ್ಕಿದೆ ಅಂದ. ಅವನ ಭಾಷೆಯಲ್ಲಿ ಅಷ್ಟೇ ನನಗೆ ತಿಳಿದದ್ದು. ಅವಳ ಗಂಡ ಇದ್ದಾರಾ ಅಂತ ಕೇಳಿದ. ಅವನಿಲ್ಲಪ್ಪ ಅಂದೆ. ಯಾವಾಗ ಬರ್ತಾರೆ ಅಂದ."

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಇನ್ನೊಂದು ಸಲ ಅಂಥ ಫೋನ್ ಎತ್ತೋ ಶಕ್ತಿ ನನಗಿಲ್ಲ ಕಣೆ. ಇಲ್ಲ. ಇವತ್ತು ಎತ್ತಿದ್ದೇ ಸಾಕು."

"ಅತ್ತೆ, ಆ ಫೋನ್... ಇನ್ನೂ ಇದೆಯಾ?"

"ಇದೆ. ದಿನಾ ಚಾರ್ಜಿಗೆ ಹಾಕ್ತೀನಿ. ರೀಚಾರ್ಜೂ ಮಾಡಿಸ್ತೀನಿ. ಯಾರಾದ್ರೂ ಅವನನ್ನ ಕೇಳ್ಕೊಂಡು ಮಾಡಿದ್ರೆ? ರಿಂಗ್ ಆಗ್ತಾ ಬಿಡೋಕಾಗುತ್ತಾ?"

"ಮಾಡ್ತಾರಾ?"

"ಮೊದಲು ಮಾಡೋರು. ಈಗ ಲೋನ್ ಬೇಕಾ ಅನ್ನೋರು ಮಾತ್ರ." ಮೂಗೊರೆಸಿಕೊಂಡರು. "ಅವರಿಗೂ ನಿಧಾನವಾಗಿ ಹೇಳ್ತೀನಿ, ಅವನು ಊರಲ್ಲಿಲ್ಲ ಅಂತ."

ಸೈಕಲ್ ಕಳೆದದ್ದನ್ನು ಯಾಕೆ ಹೇಳಲಿಲ್ಲ ಎಂದು ಆಮೇಲೆ ಬೈದರು. ಚೆನ್ನಾಗಿ ಬೈದರು. ಕಣ್ಣು ಮುಚ್ಚಿಕೊಂಡು ಕೇಳಿದೆ. ಲಾಕರಿಗೆ ಬಂದವರು ನನ್ನನ್ನು ದಾಟಿಕೊಂಡು ಹೋದರು.

ಅಕ್ಟೋಬರ್ 30

ಗಾರ್ಡ್ ಪಾಪ ಎದ್ದು ನಿಂತ. ಅತ್ತೆಯ ಅಳು ಅವನಿಗೂ ಕೇಳಿಸಿತ್ತು. ಏನು ತಪ್ಪು ಮಾಡಿದೆನೆಂದು ಅವನಿಗೆ ಗೊತ್ತಾಗಿರಲಿಲ್ಲ.

"ನನ್ನ ಗಂಡ ತೀರಿಕೊಂಡಿದ್ದಾರೆ," ಎಂದೆ. "ನಂಬರ್ ಬರೆದದ್ದು ನನ್ನ ತಪ್ಪು." ಈ ದೇಶದಲ್ಲಿ ಆ ಮಾತು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಆಕಾಶವೇನೂ ಬೀಳಲಿಲ್ಲ. ಅವನು ಕುರ್ಚಿ ಎಳೆದು ಕೊಟ್ಟ.

ಸೈಕಲ್ ಹಿಂದುಗಡೆ ಗೋಡೆಗೆ ಒರಗಿತ್ತು. ಕೆಸರು, ಪಾಚಿ, ತುಕ್ಕು. ಬುಟ್ಟಿಯಲ್ಲಿ ಒಂದು ಬಸವನಹುಳು. ಎರಡು ತಿಂಗಳಿಂದ ಆ ನೀರನ್ನು ಬಾಟಲಿಗಿಳಿಸಿ ಅಳೆಯುತ್ತಿದ್ದೇನೆ. ಅದರಲ್ಲಿ ಮೂರು ವಾರ ನನ್ನ ಸೈಕಲ್ಲೇ ಇತ್ತು. ಕಬ್ಬಿಣದ ಅಂಶ ಯಾಕೆ ಏರಿತೆಂದು ಗೈಡ್ ತಲೆ ಕೆಡಿಸಿಕೊಂಡಿದ್ದರೆ ಉತ್ತರ ಇಲ್ಲಿದೆ. ಏರಿರಲಿಲ್ಲ, ಬಿಡಿ.

ಅಂಗಡಿಗೆ ತಳ್ಳಿಕೊಂಡು ಹೋದೆ, ಒಂದು ಕೈಯಲ್ಲಿ ಹ್ಯಾಂಡಲ್ ಎತ್ತಿ ಹಿಡಿದು, ಹೆಗಲಿಗೆ ಚಕ್ರ. ಅಂಗಡಿಯಾಕೆ ಕಸುಬು ಬಲ್ಲವಳು. ನಾನು ಹೇಳಿದ್ದೇನು, ನೀವು ಮಾಡಿದ್ದೇನು ಎಂದು ಒಂದು ಮಾತೂ ಕೇಳಲಿಲ್ಲ. ಚೈನ್ ಬಿಚ್ಚಿ ಸೀಮೆಎಣ್ಣೆಯಲ್ಲಿ ಅದ್ದಿದಳು. "ಶನಿವಾರ ಬನ್ನಿ. ಓಡುತ್ತೆ. ಸದ್ದು ಮಾಡುತ್ತೆ, ಆದರೆ ಓಡುತ್ತೆ."

ನವೆಂಬರ್ 3, ಭಾನುವಾರ

ನಿನ್ನೆ ಸೈಕಲ್ ಬಂತು. ಫ್ರೇಮಿನೊಳಗಿಂದ ಬೀಗ ಹಾಕಿ, ಎರಡು ಸಲ ಎಳೆದು ನೋಡಿದೆ. ಇವತ್ತು ಮೂರು ಸೇತುವೆ, 8.20.

ಆಮೇಲೆ ನಾನೇ ಅತ್ತೆಗೆ ಫೋನ್ ಮಾಡಿದೆ. ಎಂದಿನ ಹಾಗೆ ಮಂಡಿನೋವು, ಮಿಕ್ಸಿ. ಇಪ್ಪತ್ತಾರು ಕಾಲ್ ನೋಡಿದ ದಿನದಿಂದ ಒಂದು ಮಾತು ಗಂಟಲಲ್ಲೇ ಇತ್ತು. ಕೇಳಿದೆ.

"ಅತ್ತೆ, ಆ ದಿನ ಆಸ್ಪತ್ರೆಯಲ್ಲಿ... ಎಷ್ಟು ಸಲ ಫೋನ್ ಮಾಡಿದ್ರಿ ನನಗೆ?"

ಆಗ ನಾನು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ; ಜನವರಿಯಲ್ಲಿ ಪರೀಕ್ಷೆ ಡ್ಯೂಟಿಗೆ ಬೇರೆ ಊರಿಗೆ ಹೋಗಿದ್ದೆ, ಮೂರು ದಿನಕ್ಕೆ. ಹೊರಡುವಾಗ ಇವರಿಗೆ ಸ್ವಲ್ಪ ಜ್ವರ. ಹೋಗಿ ಬಾ, ಇದೇನು ದೊಡ್ಡ ಜ್ವರ ಅಂದಿದ್ದರು. ಎರಡನೇ ದಿನ ನನ್ನ ಫೋನ್ ಸತ್ತಿತು. ಯಾರದಾದರೂ ಫೋನ್ ಕೇಳಬಹುದಿತ್ತು. ರಾತ್ರಿ ನೋಡಿದರಾಯಿತು ಎಂದುಕೊಂಡೆ. ಪ್ರಿನ್ಸಿಪಾಲರ ಮೂಲಕ ಸುದ್ದಿ ಬಂದು, ನಾನು ಬಸ್ಸಿಳಿಯುವ ಹೊತ್ತಿಗೆ ಎಲ್ಲ ಮುಗಿದಿತ್ತು. ಆಮೇಲೆ ಯಾರನ್ನೂ ಏನೂ ಕೇಳಲಿಲ್ಲ. ಯಾರಾದರೂ ಆ ದಿನದ ಮಾತು ತೆಗೆದರೆ ಎದ್ದು ಹೋಗುತ್ತಿದ್ದೆ.

"ಲೆಕ್ಕ ಇಟ್ಟಿಲ್ಲ," ಅಂದರು ಅತ್ತೆ. "ತುಂಬಾ ಮಾಡಿದೆ. ಸಿಟ್ಟೂ ಬಂತು. ಎಲ್ಲಿ ಹಾಳಾಗಿ ಹೋದ್ಲು ಇವಳು ಅಂತ ಬಾಯಿಬಿಟ್ಟೇ ಅಂದೆ, ಅವನ ಮಂಚದ ಪಕ್ಕದಲ್ಲೇ. ಸುಳ್ಳು ಯಾಕೆ ಹೇಳಲಿ."

"ಇವರು ಕೇಳಿಸಿಕೊಂಡ್ರಾ?"

"ಕೇಳಿಸಿಕೊಂಡ. ಕಣ್ಣು ತೆಗೆದ."

"ಏನಾದ್ರೂ ಅಂದ್ರಾ?"

ಅತ್ತೆ ಕೋಣೆಯ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು.

"ಬೈಬೇಡಮ್ಮ ಅವಳನ್ನ, ಅಂದ. ಚಾರ್ಜರ್ ಮನೇಲೇ ಬಿಟ್ಟು ಹೋಗಿದ್ದಾಳೆ, ಫ್ರಿಜ್ ಪಕ್ಕ. ನಾನು ನೋಡಿದೆ. ಅವಳೇನು ಬೇಕಂತ ಮಾಡಿದ್ದಲ್ಲ, ಅಂದ. ಆಮೇಲೆ ಅವನು ಮಾತಾಡಲಿಲ್ಲ."

"ಇಷ್ಟು ದಿನ ಯಾಕೆ ಹೇಳಲಿಲ್ಲ ಅತ್ತೆ?"

"ನೀನು ಕೇಳಲಿಲ್ಲ. ನಾನಾಗಿ ಹೇಳಿದ್ರೆ ಚುಚ್ಚಿದ ಹಾಗಾಗುತ್ತೆ ಅಂತ ಹೆದರಿದೆ. ಹೇಳಬೇಕಿತ್ತು ಕಣೆ. ತಪ್ಪಾಯ್ತು."

ಇಬ್ಬರೂ ಫೋನ್ ಇಡಲಿಲ್ಲ. ಅವರು ಮೂಗೊರೆಸುವುದು ನನಗೆ, ನಾನು ಒರೆಸುವುದು ಅವರಿಗೆ, ಎಷ್ಟೋ ಹೊತ್ತು ಕೇಳಿಸುತ್ತಿತ್ತು.

ಈಗ ಮಧ್ಯಾಹ್ನ. ಕಿಟಕಿಯ ಕೆಳಗೆ ಯಾರೋ ಸೈಕಲ್ ಒರಗಿಸುತ್ತಿದ್ದಾರೆ. ಹತ್ತು ತಿಂಗಳು ನಾನು ಅಂದುಕೊಂಡದ್ದೇ ಬೇರೆ. ಕಾದು ಕಾದು, ಇವಳು ಬರಲಿಲ್ಲವಲ್ಲ ಎಂದು ನೊಂದುಕೊಂಡೇ ಹೋದರೆಂದು... ಹಾಗಲ್ಲ. ಇವರಿಗೆ ಗೊತ್ತಿತ್ತು. ನೋಡಿದ್ದರು. ಫ್ರಿಜ್ ಪಕ್ಕ, ಆ ಬಿಳಿ ವೈರು, ಅದನ್ನು ನೋಡಿ ಇವರು —