ಅರ್ಹತೆಗಾಗಿ ಇನ್ನೂ ಮೂರು ತಿಂಗಳ ಹೊಗೆ

ಮಾನ್ಯ ಮರುಖರೀದಿ ವಿಭಾಗದ ಮುಖ್ಯಸ್ಥರೇ,

ಹೊಗೆ ಪರೀಕ್ಷೆಯಲ್ಲಿ ಮೋಸ ಮಾಡಿದ್ದು ನಿಮ್ಮ ಕಂಪನಿ. ಒಪ್ಪಂದದಂತೆ ಆ ಡೀಸೆಲ್ ಕಾರುಗಳನ್ನು ಮರಳಿ ಕೊಳ್ಳಬೇಕಾದವರೂ ನೀವೇ. ಆದರೆ ನಮ್ಮ ಕಾರು ಅನರ್ಹವಂತೆ! ಕಾರಣ, ಮೋಸ ಬಯಲಾದ ದಿನವೇ ನನ್ನ ಗಂಡ ಅದನ್ನು ಓಡಿಸುವುದು ಬಿಟ್ಟರು. ‘ನಿರಂತರ ಬಳಕೆಯಲ್ಲಿರುವ ವಾಹನಗಳಿಗೆ ಮಾತ್ರ’ ಎನ್ನುತ್ತದೆ ನಿಮ್ಮ ನಿಯಮ. ಅಂದರೆ ಗೊತ್ತಿದ್ದೂ ವಿಷ ಉಗುಳುತ್ತ ತಿರುಗಿದವನು ಅರ್ಹ, ನಾಚಿ ನಿಲ್ಲಿಸಿದವನು ಅನರ್ಹ. ಭಲೇ ನ್ಯಾಯ ನಿಮ್ಮದು! ಇಂಗ್ಲಿಷಿನ ಪತ್ರಗಳಿಗೆ ನೀವು ಬಾಯಿ ಬಿಡಲಿಲ್ಲ. ನಮ್ಮವರಾದರೂ ಓದಲಿ ಎಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನನ್ನ ಗಂಡ ಜಗನ್ನಾಥ ಶ್ವಾಸಕೋಶದ ಡಾಕ್ಟರು. ‘ಸ್ವಚ್ಛ ಡೀಸೆಲ್’ ಎಂಬ ನಿಮ್ಮ ಜಾಹೀರಾತು ನಂಬಿಯೇ ಕೊಂಡರು. ಲಂಡನ್ನಿನ ಹ್ಯಾರೋದಲ್ಲಿ ನಮ್ಮದು ಜೋಡಿಮನೆ. ಗೋಡೆಯಾಚೆ ಉಡುಪಿಯ ಪೆಟ್ರೀಷಿಯಾ ಮತ್ತು ಅವಳ ಪುಟ್ಟ ಮಗಳು ವಲೀಶಾ. ಚಳಿಗಾಲದ ಬೆಳಿಗ್ಗೆ ಗಾಜಿನ ಮೇಲಿನ ಹಿಮ ಕರಗಲೆಂದು ಇವರು ಎಂಜಿನ್ ಚಾಲೂ ಇಟ್ಟು, ಒಳಗೆ ಬಂದು ಚಹಾ ಕುಡಿಯುತ್ತಿದ್ದರು. ಕಾರಿನ ಪಕ್ಕದಲ್ಲೇ, ಮೇಲೆ, ಆ ಹುಡುಗಿಯ ಕೋಣೆಯ ಕಿಟಕಿ. ಅವಳಿಗೆ ಅಸ್ತಮಾ. ನಿಮ್ಮ ಮೋಸ ಬಯಲಾಗುವ ಹೊತ್ತಿಗೆ ಅವಳು ತೀರಿಕೊಂಡು ಎರಡು ತಿಂಗಳಾಗಿತ್ತು.

ನಮ್ಮ ಹೊಗೆಯಿಂದಲೇ ಎಂದು ಯಾರೂ ಹೇಳಲಾರರು, ಅಲ್ಲವೆಂದೂ ಹೇಳಲಾರರು. “ವೇಣಿ, ಕೂಸು ಕೆಮ್ಮಲಿಕ್ಕತ್ತದ, ಕೇಳಸ್ತದೇನು?” ಎಂದು ಇವರು ಗೋಡೆಗೆ ಕಿವಿ ಹಚ್ಚಿ ಕೂರುತ್ತಾರೆ. “ಇಲ್ರೀ, ಅಲ್ಲಿ ಯಾರೂ ಇಲ್ಲ” ಎನ್ನುತ್ತೇನೆ. ಆದರೆ ದೇವರಾಣೆ, ಒಮ್ಮೊಮ್ಮೆ ನನಗೂ ಕೇಳಿಸುತ್ತದೆ. ನನಗೆ ಹೆದರಿಕೆಯಾಗಿದೆ. ಕಾರನ್ನು ಗುಜರಿಗೆ ಹಾಕೋಣವೆಂದರೆ ಇವರು ಒಪ್ಪುವುದಿಲ್ಲ: “ಯಾರು ಮಾಡ್ಯಾರೋ ಅವರ ಬಾಗಿಲಿಗೇ ಹೋಗಬೇಕದು.” ಅದು ಕಣ್ಣೆದುರಿಂದ ತೊಲಗುವವರೆಗೆ ನನ್ನ ಗಂಡ ನನಗೆ ಮರಳಿ ಸಿಗುವುದಿಲ್ಲ.

ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಬಹಳ ವಿನಯದ ದನಿಯೊಂದು ಉಪಾಯ ಹೇಳಿತು: ಮೂರು ತಿಂಗಳು ಮತ್ತೆ ಓಡಿಸಿ, ಆಮೇಲೆ ಅರ್ಜಿ ಹಾಕಿ. ಗಾಯದ ಮೇಲೆ ಬರೆ ಎಳೆಯುವುದಕ್ಕೂ ನಿಮ್ಮಲ್ಲಿ ತರಬೇತಿ ಕೊಡುತ್ತೀರಾ?

ಮೊನ್ನೆ ಬೆಳಿಗ್ಗೆ, ಆ ಮೂರು ತಿಂಗಳು ಶುರು ಮಾಡಲೆಂದು, ಇವರು ಕೀಲಿ ಹಿಡಿದು ಕಾರಿನ ಬಳಿ ನಿಂತಿದ್ದರು. ಬಾಗಿಲು ತೆರೆದು ಮತ್ತೆ ಮುಚ್ಚುತ್ತಿದ್ದರು. ಕಸದ ಡಬ್ಬಿ ಎಳೆದುಕೊಂಡು ಬಂದ ಪೆಟ್ರೀಷಿಯಾ ಏನೆಂದು ಕೇಳಿದಳು. ನಿಮ್ಮ ನಿಯಮವನ್ನು ನಾನೇ ವಿವರಿಸಿದೆ. ಅವಳು ಒಮ್ಮೆ ಮೇಲೆ ನೋಡಿದಳು.

“ಸ್ಟಾರ್ಟ್ ಮಾಡಿ ಡಾಕ್ಟ್ರೇ,” ಎಂದಳು. “ಆ ರೂಮಲ್ಲಿ ಈಗ ಯಾರೂ ಇಲ್ಲ ಅಲ್ವಾ.”

ಇವರು ಅಲ್ಲೇ ನೆಲಕ್ಕೆ ಕುಸಿದು ಕೂತರು.

ಲಾರಿ ಕಳಿಸಿ. ಕಾರನ್ನು ಎತ್ತಿ ಒಯ್ಯಿರಿ. ದುಡ್ಡು ಬೇಕಾದರೆ ನೀವೇ ಇಟ್ಟುಕೊಳ್ಳಿ. ಆ ಕಿಟಕಿಯ ಕೆಳಗೆ ಎಂಜಿನ್ ಮಾತ್ರ ಚಾಲೂ ಮಾಡಬೇಡಿ.

ಇಂತಿ,
ಹೊಗೆ ನಿಲ್ಲಿಸಿ ಅನರ್ಹರಾದವರ ಹೆಂಡತಿ,
ಕೃಷ್ಣವೇಣಿ, ಹ್ಯಾರೋ